ಹೆಬ್ಬೆರಳು ಹೇಳಿದ ಸಾಕ್ಷಿ

ಹೆಂಗಸಿಗೆ ಕೈಕಾಲು ಜೋಮು ಹಿಡಿದರೆ, ಕಣ್ಣು ಮಂಜಾದರೆ, ‘ಅವಳದು ಇದ್ದದ್ದೇ’ ಎನ್ನುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಇಂದು ಬಂದು ನಾಳೆ ಮಾಯವಾಗುವ ತೊಂದರೆಯಾದರಂತೂ ಅದಕ್ಕೆ ಸೋಗು ಎಂಬ ಹೆಸರು ಬೇಗ ಅಂಟುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗದ ಚರಿತ್ರೆ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಮಾತು.

ವಿದ್ಯುತ್ ತಂತಿಗೆ ಹೊದಿಕೆ ಇರುವಂತೆ ನಮ್ಮ ನರತಂತುಗಳಿಗೂ ಮಯಲಿನ್ ಎಂಬ ಕವಚವಿದೆ. ಈ ರೋಗದಲ್ಲಿ ದೇಹವನ್ನು ಕಾಯಬೇಕಾದ ಪಡೆಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ಉರಿಯೂತವೆಬ್ಬಿಸಿ ಆ ಕವಚವನ್ನು ಹಾಳುಗೆಡವುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

1868ರಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ವಿವರಿಸಿದವನು ಪ್ಯಾರಿಸ್ಸಿನ ಸಾಲ್‌ಪೆತ್ರಿಯೇರ್ ಆಸ್ಪತ್ರೆಯ ವೈದ್ಯ ಶಾರ್ಕೋ. ಬಡ ಹೆಂಗಸರೇ ತುಂಬಿದ್ದ ಆಸ್ಪತ್ರೆ ಅದು. ಅವನ ಮನೆಯ ಕೆಲಸದಾಕೆಗೂ ವಿಚಿತ್ರ ನಡುಕವಿತ್ತು. ಎಷ್ಟೋ ತಟ್ಟೆ ಬಟ್ಟಲು ಒಡೆದಳು. ಬೇರೆಲ್ಲೂ ಕೆಲಸ ಸಿಗದ ಆಕೆಯನ್ನು ಶಾರ್ಕೋ ಬಿಡಿಸಲಿಲ್ಲ. ಆ ನಡುಕದ ಮೂಲ ಈ ರೋಗವೇ ಎಂದು ಅವನಿಗೆ ಖಚಿತವಾದದ್ದು ಅವಳು ಸತ್ತ ಮೇಲೆ. ಇದನ್ನು 1893ರಲ್ಲಿ ಬರೆದವನು ಫ್ರಾಯ್ಡ್. ತಟ್ಟೆಗಳ ನಷ್ಟವನ್ನು ಬರೆದ; ಆಕೆಯ ಹೆಸರು ಬರೆಯಲಿಲ್ಲ.

ಬದುಕಿರುವಾಗ ಗುರುತಿಸುವುದು ಹೇಗೆ? ಅದೇ ಆಸ್ಪತ್ರೆಯಲ್ಲಿ ಉನ್ಮಾದದ, ಅಂದರೆ ಹಿಸ್ಟೀರಿಯಾದ, ರೋಗಿಗಳೂ ಇದ್ದರು. ಶಾರ್ಕೋನ ಶಿಷ್ಯ ಬಾಬಿನ್‌ಸ್ಕಿ 1896ರಲ್ಲಿ ಒಂದು ಸರಳ ಪರೀಕ್ಷೆ ತಿಳಿಸಿದ. ಅಂಗಾಲನ್ನು ಗೀರಿದರೆ ಆರೋಗ್ಯವಂತ ವಯಸ್ಕರ ಹೆಬ್ಬೆರಳು ಕೆಳಕ್ಕೆ ಬಾಗುತ್ತದೆ. ಮಿದುಳಿನಿಂದ ಇಳಿಯುವ ನರಮಾರ್ಗ ಕೆಟ್ಟಿದ್ದರೆ ಮೇಲೇಳುತ್ತದೆ. ಹೆಣ್ಣಿನ ಮಾತನ್ನು ನಂಬದವರೂ ಅವಳ ಹೆಬ್ಬೆರಳನ್ನು ನಂಬಬೇಕಾಯಿತು!

ಆದರೂ ಅನುಮಾನ ಅಲ್ಲಿಗೇ ಮುಗಿಯಲಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ಚೆಲ್ಲೋ ವಾದಕಿ ಜಾಕ್ವೆಲಿನ್ ದು ಪ್ರೇ ಬೆರಳುಗಳ ಸ್ಪರ್ಶ ಕಳೆದುಕೊಳ್ಳತೊಡಗಿದಾಗ ಅದನ್ನು ಮನಸ್ಸಿನ ಒತ್ತಡವೆಂದೇ ಬಗೆದರು. 1973ರಲ್ಲಿ ರೋಗದ ಹೆಸರು ತಿಳಿಯಿತು. 1987ರಲ್ಲಿ, 42ನೇ ವಯಸ್ಸಿಗೆ, ಆಕೆ ತೀರಿಕೊಂಡಳು.

1981ರಿಂದ ಎಂಆರ್‌ಐ ಚಿತ್ರಗಳು ಜೀವಂತ ಮಿದುಳಿನಲ್ಲೇ ಈ ಕಲೆಗಳನ್ನು ತೋರಿಸತೊಡಗಿದವು. ಬೆನ್ನುಹುರಿಯ ದ್ರವದ ಪರೀಕ್ಷೆಯೂ ನೆರವಾಗುತ್ತದೆ. ಆದರೆ ಇಂದಿಗೂ ಯಾವುದೋ ಒಂದೇ ಪರೀಕ್ಷೆಯಿಂದ ತೀರ್ಮಾನವಾಗುವುದಿಲ್ಲ. ಇದನ್ನು ಹೋಲುವ ಬೇರೆ ರೋಗಗಳನ್ನೂ ಬದಿಗೆ ಸರಿಸಬೇಕು. ಕಣ್ಣು ಯಾವಾಗ ಮಂಜಾಯಿತು, ಜೋಮು ಎಷ್ಟು ದಿನವಿತ್ತು ಎಂದು ವೈದ್ಯರು ಕೇಳಿಯೇ ಕೇಳುತ್ತಾರೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಇದಕ್ಕೂ ಜಾಗವಿದೆ. ನಮ್ಮ ಮೈಯ ಲೆಕ್ಕವನ್ನು ನಾವೇ ಬರೆದಿಡೋಣ.