ಮೆಹಕರದಿಂದ ಹೊನ್ನಿಕೇರಿವರೆಗೆ: ಬೀದರ್ ಸೀಮೆಯ ಕುರುಚಲು ಕಾಡು, ಬಯಲು ಮತ್ತು ಝರಿ

ಬೀದರ್: ಕಾಡು ಎಂದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವುದು ಮಲೆನಾಡಿನ ದಟ್ಟ ಹಸಿರು. ಬೀದರ್ ಎಂದೊಡನೆ ನೆನಪಾಗುವುದು ಬಹಮನಿ ಕೋಟೆ, ಬಿದ್ರಿ ಕಲೆ, ಗುರು ನಾನಕ್ ಝೀರಾ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವವರು ವಿರಳ. ರಾಜ್ಯದ ಮುಕುಟದಂತಿರುವ ಈ ಗಡಿ ಜಿಲ್ಲೆಯಲ್ಲಿ ಅರಣ್ಯದ ವಿಸ್ತೀರ್ಣ ತೀರಾ ಕಡಿಮೆ ಎಂಬುದೂ ನಿಜ. 1988ರ ರಾಷ್ಟ್ರೀಯ ಅರಣ್ಯ ನೀತಿಯು ದೇಶದ ಭೂಭಾಗದ ಮೂರನೇ ಒಂದು ಭಾಗ ಅರಣ್ಯ ಇಲ್ಲವೇ ಮರಗಳಿಂದ ಕೂಡಿರಬೇಕೆಂದು ಹೇಳುತ್ತದೆ. ಬೀದರ್ ಜಿಲ್ಲೆ ಆ ಗುರಿಯಿಂದ ಬಹು ದೂರದಲ್ಲಿದೆ. ಆದರೂ ಇಲ್ಲಿ ಉಳಿದಿರುವ ಕುರುಚಲು ಕಾಡು, ಅದರ ಅಂಚಿನ ಹುಲ್ಲುಗಾವಲು, ಅದರಾಚೆಯ ಎರೆಹೊಲಗಳು ಒಂದು ದಿನದ ಸುತ್ತಾಟಕ್ಕೆ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತವೆ. ಅಲ್ಲಿಗೆ ಹೋಗಬಯಸುವ ಓದುಗರಿಗಾಗಿ ಇಲ್ಲಿದೆ ಒಂದಿಷ್ಟು ಮಾಹಿತಿ.

ಕೆಂಪು ನೆಲ, ಕಪ್ಪು ನೆಲ

ಬೀದರ್ ನಗರ ಸಮುದ್ರಮಟ್ಟದಿಂದ 2,000 ಅಡಿಗೂ ಹೆಚ್ಚು ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಈ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ. ಕೋಟೆಯ ಸುತ್ತ ಕಂದಕ ತೋಡಿರುವುದು ಇದೇ ಕೆಂಪು ಕಲ್ಲಿನಲ್ಲಿ. ಅಂಚಿನಿಂದ ಕೆಳಗಿಳಿದರೆ ದಖ್ಖನ್‌ನ ಕಪ್ಪು ಶಿಲೆ, ಅದರ ಮೇಲೆ ಎರೆಮಣ್ಣು. ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಬಹುಭಾಗ ಈ ಕಪ್ಪು ನೆಲದಲ್ಲಿದೆ. ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವ ಭಾಲ್ಕಿ ತಾಲ್ಲೂಕಿನ ಮೆಹಕರ ಕೂಡ ಇಂತಹ ಹೊಲಗಳ ಸೀಮೆಗೆ ಸೇರಿದ ಊರು.

ನೆಲದ ಈ ಭೇದವೇ ಕಾಡಿನ ಹಂಚಿಕೆಯನ್ನೂ ನಿರ್ಧರಿಸಿದೆ. ಎರೆಮಣ್ಣು ಫಲವತ್ತಾದುದರಿಂದ ಅಲ್ಲಿ ನೂರಾರು ವರ್ಷಗಳ ಹಿಂದೆಯೇ ನೇಗಿಲು ನಡೆಯಿತು. ಮಣ್ಣು ತೆಳುವಾಗಿ ಕಲ್ಲು ಮೇಲೆದ್ದಿರುವ ಕೆಂಪು ನೆಲ ಹಾಗೂ ಇಳಿಜಾರುಗಳು ಉಳುಮೆಗೆ ಒಗ್ಗಲಿಲ್ಲ. ಹೀಗಾಗಿ ಕಾಡು ಉಳಿದದ್ದು ಅಲ್ಲಿಯೇ. ಬೀದರ್ ಸುತ್ತಲಿನ ಶಹಾಪುರ, ಚಿಟ್ಟಾ, ಹೊನ್ನಿಕೇರಿ ಅರಣ್ಯ ಪ್ರದೇಶಗಳನ್ನು ನೋಡಿ, ಅನಂತರ ಭಾಲ್ಕಿಯ ಮೂಲಕ ಮೆಹಕರದ ಕಡೆಗೆ ಸಾಗಿದರೆ ಕೆಂಪು ನೆಲದ ಕಾಡು ಮತ್ತು ಕಪ್ಪು ನೆಲದ ಬೇಸಾಯ ಎರಡನ್ನೂ ಒಂದೇ ದಿನದಲ್ಲಿ ಕಾಣಬಹುದು.

ಮರಗಿಡಗಳು

ಇದು ಎಲೆ ಉದುರಿಸುವ ಒಣ ಕಾಡು. ವರ್ಷಕ್ಕೆ ಸರಾಸರಿ 850 ಮಿ.ಮೀ. ಆಸುಪಾಸಿನ ಮಳೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಾರ್ಚ್ ಬಂತೆಂದರೆ ಕಾಡೆಲ್ಲ ಬೋಳು. ಮೊದಲ ಬಾರಿಗೆ ಬೇಸಿಗೆಯಲ್ಲಿ ಬಂದವರಿಗೆ ಇದು ಸತ್ತ ಕಾಡಿನಂತೆ ಕಂಡರೆ ಆಶ್ಚರ್ಯವಿಲ್ಲ. ಎರಡು ಮಳೆ ಬಿದ್ದರೆ ಸಾಕು, ಹದಿನೈದು ದಿನಗಳಲ್ಲಿ ಅದೇ ನೆಲ ಹಸಿರು ಹೊದ್ದುಕೊಳ್ಳುತ್ತದೆ.

ಬೇವು, ಕರಿಜಾಲಿ, ಕಕ್ಕೆ, ಬಾರೆ, ದಿಂಡಿಗ ಇಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ. ಮುತ್ತುಗದ ಮರ, ಉತ್ತರ ಕರ್ನಾಟಕದ ಮಾತಿನಲ್ಲಿ ಮುತ್ತಲ, ಫೆಬ್ರುವರಿ ಮತ್ತು ಮಾರ್ಚ್ ತಿಂಗಳಲ್ಲಿ ಎಲೆಯುದುರಿಸಿ ಕೆಂಗಿತ್ತಳೆ ಹೂವಿನಿಂದ ತುಂಬಿಕೊಳ್ಳುತ್ತದೆ. ಇದರ ಎಲೆಗಳಿಂದಲೇ ಊಟದ ಪತ್ರಾವಳಿ ಹಚ್ಚುವುದು. ಆದರೆ ಈ ಕಾಡಿನ ನಿಜವಾದ ಒಡೆಯ ಸೀತಾಫಲ. ಕಲ್ಲುಬಂಡೆಗಳ ಸಂದಿಯಲ್ಲಿಯೂ ಯಾರ ಆರೈಕೆಯಿಲ್ಲದೆ ಬೆಳೆಯುವ ಈ ಗಿಡದ ಎಲೆಯನ್ನು ದನಕರುಗಳು ಮುಟ್ಟುವುದಿಲ್ಲ. ಮೇಯಿಸುವಿಕೆ ಹೆಚ್ಚಿದಷ್ಟೂ ಇತರ ಗಿಡಗಳು ಹಿಂಜರಿದು ಸೀತಾಫಲ ಹರಡಿಕೊಳ್ಳಲು ಇದೇ ಕಾರಣ. ಮಳೆಗಾಲದ ಕೊನೆಯಿಂದ ನವೆಂಬರ್‌ವರೆಗೆ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಗಳಲ್ಲಿ ಹಣ್ಣು ತಂದು ರಸ್ತೆ ಬದಿಯಲ್ಲಿ ಮಾರುತ್ತಾರೆ. ಸಣ್ಣ ಕುಟುಂಬಗಳಿಗೆ ಅದು ಕೈಗೆ ಬರುವ ನಗದು.

ಮರಗಳ ಪರಿಚಯವನ್ನು ಸುಲಭವಾಗಿ ಪಡೆಯಬೇಕೆನ್ನುವವರು ಬೀದರ್–ಹೈದರಾಬಾದ್ ರಸ್ತೆಯ ಶಹಾಪುರದ ಬಳಿ ಅರಣ್ಯ ಇಲಾಖೆ ಬೆಳೆಸಿರುವ ದೇವದೇವ ವನದಿಂದ ಆರಂಭಿಸುವುದು ಒಳ್ಳೆಯದು. ಔಷಧೀಯ ಸಸ್ಯಗಳೂ ಇಲ್ಲಿವೆ. ಇದು ನೆಟ್ಟು ಬೆಳೆಸಿದ ತೋಟ. ಕಾಡಿಗೆ ಮುನ್ನುಡಿ ಎಂದು ತಿಳಿದರೆ ಸಾಕು.

ಕೃಷ್ಣಮೃಗದ ಬಯಲು

ಇಲ್ಲಿಗೆ ಬರುವವರ ಬಹುಮುಖ್ಯ ಆಕರ್ಷಣೆ ಕೃಷ್ಣಮೃಗ. ವಯಸ್ಸಾದಂತೆ ಗಂಡಿನ ಮೈ ಕಪ್ಪಾಗುತ್ತದೆ, ಸುರುಳಿ ಸುತ್ತಿದ ಕೊಂಬು ಉದ್ದವಾಗುತ್ತದೆ. ಹೆಣ್ಣು ಕಂದುಬಣ್ಣದ್ದು, ಅದಕ್ಕೆ ಸಾಮಾನ್ಯವಾಗಿ ಕೊಂಬಿಲ್ಲ. ಬೀದರ್, ಭಾಲ್ಕಿ, ಔರಾದ್ ತಾಲ್ಲೂಕುಗಳ ಕಾಡಂಚಿನಲ್ಲಿ, ಹೊಲಗಳ ನಡುವೆ ಹಿಂಡು ಹಿಂಡಾಗಿ ಇವು ಕಾಣಸಿಗುತ್ತವೆ. ಬೆಳಗಿನ ಜಾವ ಮತ್ತು ಸಂಜೆ ಇವುಗಳನ್ನು ನೋಡಲು ತಕ್ಕ ಸಮಯ. ಇವುಗಳ ಜೊತೆಗೆ ನರಿ, ಮೊಲ, ಕಾಡುಹಂದಿ, ನವಿಲು ಈ ಸೀಮೆಯ ನಿವಾಸಿಗಳು.

ಕೃಷ್ಣಮೃಗ ದಟ್ಟ ಕಾಡಿನ ಪ್ರಾಣಿಯಲ್ಲ ಎಂಬುದನ್ನು ಗಮನಿಸಬೇಕು. ಹುಲ್ಲು ಮೇಯುವ ಇದಕ್ಕೆ ಬೇಕಾದುದು ದೂರದವರೆಗೆ ಕಣ್ಣು ಹಾಯುವ ಬಯಲು. ಅಪಾಯವನ್ನು ದೂರದಿಂದಲೇ ಕಂಡು ಓಡುವುದೇ ಇದರ ರಕ್ಷಣೆ. ಆದರೆ ಕಂದಾಯ ದಾಖಲೆಗಳಲ್ಲಿ ಇಂತಹ ಬಯಲು ಖರಾಬು, ಗಾಯರಾಣ ಎಂದು ಕರೆಸಿಕೊಳ್ಳುತ್ತದೆ. ಬಂಜರು ಎಂಬ ಹಣೆಪಟ್ಟಿ ಬಿದ್ದ ನೆಲದ ಮೇಲೆ ಎಲ್ಲರ ಕಣ್ಣು. ಒಂದೆಡೆ ಒತ್ತುವರಿ, ಇನ್ನೊಂದೆಡೆ ಮೊರಂ ಗಣಿಗಾರಿಕೆ. ಹಸಿರು ಬೆಳೆಸುವ ಸದುದ್ದೇಶದಿಂದ ಹುಲ್ಲುಗಾವಲಿನಲ್ಲಿ ಒತ್ತಾಗಿ ನೀಲಗಿರಿ, ಅಕೇಶಿಯಾ ನೆಟ್ಟರೂ ಜಿಂಕೆಯ ಪಾಲಿಗೆ ಅದು ಮನೆ ಕಳೆದುಕೊಂಡಂತೆಯೇ. ನೀಲಗಿರಿ ಬೆಳೆಸುವುದಕ್ಕೆ ರಾಜ್ಯ ಸರ್ಕಾರ 2017ರಲ್ಲಿ ನಿಷೇಧ ಹೇರಿತು. ಹಳೆಯ ನೆಡುತೋಪುಗಳು ಅನೇಕ ಕಡೆ ಇನ್ನೂ ಉಳಿದಿವೆ.

ಬಯಲು ಕುಗ್ಗಿದಾಗ ಜಿಂಕೆ ಹೊಲಕ್ಕೆ ಇಳಿಯುತ್ತದೆ. ಮುಂಗಾರಿನಲ್ಲಿ ಹೆಸರು, ಉದ್ದು, ಸೋಯಾಬೀನ್ ಮೊಳಕೆಯೊಡೆಯುವ ಹೊತ್ತಿಗೆ ಹಿಂಡು ನುಗ್ಗಿದರೆ ಬಿತ್ತನೆಯ ಖರ್ಚೂ ಹುಟ್ಟುವುದಿಲ್ಲ ಎಂಬುದು ರೈತರ ಅಳಲು. ಪೇಟೆಯಿಂದ ಬಂದವರು ಜಿಂಕೆಯ ಚೆಲುವನ್ನು ಮೆಚ್ಚಿ ಹಿಂತಿರುಗಬಹುದು. ರಾತ್ರಿಯಿಡೀ ಹೊಲ ಕಾಯುವವನು ರೈತ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲನೇ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸವಿದೆ. ಇಷ್ಟು ಕಠಿಣ ಕಾನೂನು ಇರುವಲ್ಲಿ ಬೆಳೆ ಪರಿಹಾರವೂ ಅಷ್ಟೇ ಬೇಗ ಕೈಸೇರಬೇಕೆಂಬ ಬೇಡಿಕೆ ನ್ಯಾಯವಾದುದೇ.

ರಾಜ್ಯದಲ್ಲಿ ಕೃಷ್ಣಮೃಗಕ್ಕಾಗಿ 1974ರಲ್ಲಿ ರಾಣೆಬೆನ್ನೂರು ವನ್ಯಧಾಮ, 2007ರಲ್ಲಿ ತುಮಕೂರು ಜಿಲ್ಲೆಯ ಜಯಮಂಗಲಿ ಸಂರಕ್ಷಿತ ಪ್ರದೇಶ ರೂಪುಗೊಂಡವು. ಭಾಲ್ಕಿ ಶಾಸಕ ಈಶ್ವರ ಖಂಡ್ರೆ 2023ರಲ್ಲಿ ರಾಜ್ಯದ ಅರಣ್ಯ ಸಚಿವರಾದ ಬಳಿಕ ಬೀದರ್‌ನ ಹಿಂಡುಗಳಿಗೂ ಅಂತಹ ರಕ್ಷಣೆ ನೀಡುವ ವಿಚಾರ ಮುನ್ನೆಲೆಗೆ ಬಂದಿದೆ. ಗಡಿ ಗುರುತಿಸುವುದಷ್ಟರಿಂದ ಕೆಲಸ ಮುಗಿಯದು. ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸುವುದು ಮುಖ್ಯ.

ಕಾಡು ಹಿಡಿದಿಟ್ಟ ನೀರು

ಬೀದರ್ ಕಾಡಿಗೂ ಇಲ್ಲಿನ ತೀರ್ಥಕ್ಷೇತ್ರಗಳಿಗೂ ಬಿಡಿಸಲಾಗದ ನಂಟು. ಜಂಬಿಟ್ಟಿಗೆ ರಂಧ್ರಗಳಿಂದ ಕೂಡಿದ ಕಲ್ಲು. ಮಳೆನೀರು ಅದರೊಳಗೆ ಇಂಗಿ ಕೆಳಗಿಳಿಯುತ್ತದೆ. ತಳದಲ್ಲಿರುವ ಜೇಡಿಯಂತಹ ಪದರ ಹಾಗೂ ಕಪ್ಪು ಶಿಲೆ ಅದನ್ನು ತಡೆಯುತ್ತವೆ. ಮುಂದೆ ದಾರಿ ಕಾಣದ ನೀರು ಅಡ್ಡಲಾಗಿ ಹರಿದು ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಗುರು ನಾನಕ್ ಝೀರಾ, ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ನರಸಿಂಹ ಝರಣಿ, ಪಾಪನಾಶ ಇವೆಲ್ಲಕ್ಕೂ ಮೂಲ ಇದೇ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ ಸನ್ನಿಧಿ ಹಾಗೂ ಹೊನ್ನಿಕೇರಿ ಕಾಡಿನೊಳಗಿನ ಸಿದ್ಧೇಶ್ವರ ಸನ್ನಿಧಿಗಳಿಗೆ ಬರುವ ಭಕ್ತರಿಗೆ ದೇವರ ದರ್ಶನದಷ್ಟೇ ಕಾಡಿನ ತಂಪೂ ಪ್ರಿಯ.

ಈ ಗುಟ್ಟನ್ನು ಬಹಮನಿ ಕಾಲದವರು ಚೆನ್ನಾಗಿ ಅರಿತಿದ್ದರು. ಹದಿನೈದನೇ ಶತಮಾನದಲ್ಲಿ ಪರ್ಷಿಯಾದ ಮಾದರಿಯಲ್ಲಿ ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಬಾವಿಗಳಂತಹ ಬಾಯಿ ಬಿಟ್ಟು, ಇಂಗಿದ ನೀರನ್ನು ಸಾಗಿಸಿದರು. ನೌಬಾದ್‌ನ ಈ ಕರೇಜ್ ಈಗಲೂ ನೋಡಲು ಸಿಗುತ್ತದೆ. ಮೇಲಿನ ಗಿಡಮರ ಬೋಳಾಗಿ, ಜಂಬಿಟ್ಟಿಗೆಯನ್ನು ಅಗೆದು ಸಾಗಿಸಿದರೆ ನೀರು ಇಂಗುವ ಬದಲು ಹರಿದುಹೋಗುತ್ತದೆ. ಝರಿ ಬತ್ತುವುದು ಆನಂತರದ ಮಾತು. ಕುರುಚಲು ಕಾಡೆಂದು ಹಗುರವಾಗಿ ಕಾಣುವವರು ಈ ಲೆಕ್ಕವನ್ನು ನೆನಪಿಡಬೇಕು.

ಮಾಂಜ್ರಾ ಮತ್ತು ಕಾರಂಜಾ

ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುವ ಮಾಂಜ್ರಾ ನದಿ ಬೀದರ್ ಜಿಲ್ಲೆಯನ್ನು ಹಾದು ತೆಲಂಗಾಣಕ್ಕೆ ಸಾಗಿ ಗೋದಾವರಿಯನ್ನು ಸೇರುತ್ತದೆ. ಕರ್ನಾಟಕದ ನದಿಗಳೆಂದರೆ ಕೃಷ್ಣೆ, ಕಾವೇರಿ ಎಂದುಕೊಂಡವರಿಗೆ ಗೋದಾವರಿ ಕಣಿವೆಯ ಈ ಜಿಲ್ಲೆ ಬೇರೆಯೇ ಲೋಕ. ಬೀದರ್‌ನಿಂದ ಔರಾದ್‌ಗೆ ಹೋಗುವ ರಸ್ತೆ ಕೌಠಾದ ಬಳಿ ನದಿಯನ್ನು ದಾಟುತ್ತದೆ. ಮಳೆಗಾಲದಲ್ಲಿ ಎರಡೂ ದಡ ತುಂಬಿ ಹರಿಯುವ ಮಾಂಜ್ರಾ ಬೇಸಿಗೆಯಲ್ಲಿ ಸೊರಗುತ್ತದೆ. ಇದೇ ನದಿಯ ನೀರನ್ನು ಮೇಲೆತ್ತಿ ಭಾಲ್ಕಿ ತಾಲ್ಲೂಕಿನ ಕೆರೆ ತುಂಬಿಸುವ ಏತ ನೀರಾವರಿ ಯೋಜನೆಗೆ ಮೆಹಕರದ ಹೆಸರಿದೆ.

ಮಾಂಜ್ರಾದ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಟ್ಟಿರುವ ಜಲಾಶಯದ ಸಂಗ್ರಹ ಸಾಮರ್ಥ್ಯ 7.69 ಟಿಎಂಸಿ ಅಡಿ. ಚಳಿಗಾಲದಲ್ಲಿ ಹಿನ್ನೀರಿನ ದಂಡೆಗೆ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಅವುಗಳಲ್ಲಿ ಪ್ರಮುಖವಾದುದು. ನವೆಂಬರ್‌ನಿಂದ ಫೆಬ್ರುವರಿವರೆಗೆ ಪಕ್ಷಿವೀಕ್ಷಕರಿಗೆ ಸುಗ್ಗಿ.

ಹೊಲದ ದಾರಿಯಲ್ಲಿ

ಭಾಲ್ಕಿ ದಾಟಿ ಮೆಹಕರದ ಕಡೆಗೆ ಹೊರಟರೆ ಇಕ್ಕೆಲಗಳಲ್ಲೂ ತೊಗರಿ, ಕಡಲೆ, ಬಿಳಿಜೋಳ, ಕಬ್ಬು. ಹಳ್ಳಿಗಳಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದು ಸಲೀಸಾಗಿ ಬೆರೆತ ಮಾತು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಭಾಲ್ಕಿ ಹಿರೇಮಠ ಇದೇ ದಾರಿಯಲ್ಲಿದೆ. ಗಡಿಯ ಎರಡೂ ಬದಿ ಸಾಕುವ ದೇವಣಿ ತಳಿಯ ದನಗಳನ್ನು ಗಮನಿಸದೆ ಮುಂದೆ ಹೋಗಬಾರದು. ಉಳುಮೆಗೂ ಹಾಲಿಗೂ ಒದಗುವ ಈ ತಳಿಯಲ್ಲಿ ವಾನ್ನೇರಾ, ಬಾಲಂಕ್ಯಾ, ಶೇವರಾ ಎಂಬ ಮೂರು ಬಗೆಗಳಿವೆ. ಗಾಯರಾಣ ಕುಗ್ಗಿದರೆ ಜಿಂಕೆಯಷ್ಟೇ ಈ ದನಗಳೂ ಮೇವಿಗೆ ಪರದಾಡಬೇಕಾಗುತ್ತದೆ.

ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆಯಂದು ಬಂದವರು ಭಾಗ್ಯವಂತರು. ಅಂದು ಊರಿಗೆ ಊರೇ ಹೊಲದಲ್ಲಿ. ಭೂತಾಯಿಗೆ ಪೂಜೆ ಸಲ್ಲಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಮರದ ನೆರಳಿನಲ್ಲಿ ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ, ಅಂಬಲಿಯ ಊಟ. ದಾರಿಹೋಕರನ್ನೂ ಕರೆದು ಉಣಬಡಿಸುವುದು ಇಲ್ಲಿನ ವಾಡಿಕೆ.

ಯಾರ ದಾರಿ, ಯಾರ ಕಾಡು?

ಇಂಗ್ಲೆಂಡಿನಲ್ಲಿ ಹಳ್ಳಿಗಾಡಿನ ಕಾಡು ಸುತ್ತುವುದು ಜನಸಾಮಾನ್ಯರ ಹವ್ಯಾಸ. ವಸಂತದಲ್ಲಿ ನೀಲಿ ಹೂಗಳು ಹಾಸಿದ ಕಾಡು ನೋಡಲು ಪೇಟೆಯ ಜನ ಸಂಸಾರ ಸಮೇತ ಹೊರಡುತ್ತಾರೆ. ಸಾರ್ವಜನಿಕ ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸಬೇಕೆಂದು ಅಲ್ಲಿ 1949ರಲ್ಲಿಯೇ ಕಾನೂನಾಯಿತು. ಖಾಸಗಿ ಹೊಲದ ನಡುವೆ ಹಾದರೂ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಉಂಟು. ನಮ್ಮ ಗ್ರಾಮ ನಕ್ಷೆಗಳಲ್ಲಿಯೂ ಬಂಡಿದಾರಿ, ಕಾಲುದಾರಿಗಳ ಗುರುತಿದೆ. ಆದರೆ ಅಕ್ಕಪಕ್ಕದ ಉಳುಮೆಯಲ್ಲಿ ಎಷ್ಟೋ ದಾರಿಗಳು ಕರಗಿಹೋಗಿವೆ. ಇದರಿಂದ ಪ್ರವಾಸಿಗರಿಗಿಂತ ಹೆಚ್ಚು ತೊಂದರೆಗೆ ಒಳಗಾಗುವವರು ಸ್ವಂತ ಹೊಲಕ್ಕೆ ಹೋಗಬೇಕಾದ ರೈತರು.

ಇನ್ನು ಮೀಸಲು ಅರಣ್ಯದೊಳಗೆ ಮನಬಂದಂತೆ ಪ್ರವೇಶಿಸಲು ಕರ್ನಾಟಕ ಅರಣ್ಯ ಕಾಯ್ದೆ, 1963 ಅವಕಾಶ ನೀಡುವುದಿಲ್ಲ. ದೇವಸ್ಥಾನದ ದಾರಿ, ಸಾರ್ವಜನಿಕ ರಸ್ತೆ ಬಿಟ್ಟು ಒಳಹೋಗಬೇಕಿದ್ದರೆ ಬೀದರ್‌ನ ಅರಣ್ಯ ಇಲಾಖೆ ಕಚೇರಿಯಲ್ಲಿ ಮುಂಚಿತವಾಗಿ ಅನುಮತಿ ಪಡೆಯಬೇಕು.

ಹೋಗುವುದು ಹೇಗೆ?

ಬೆಂಗಳೂರಿನಿಂದ ಬೀದರ್‌ಗೆ ರೈಲು ಹಾಗೂ ಬಸ್ ಸೌಕರ್ಯವಿದೆ. ಕಲಬುರಗಿ–ಬೀದರ್ ರೈಲು ಮಾರ್ಗ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಮೇಲೆ ಜಿಲ್ಲೆಯ ಸಂಪರ್ಕ ಸುಧಾರಿಸಿದೆ. ಭಾಲ್ಕಿಗೂ ರೈಲು ನಿಲ್ದಾಣವಿದೆ. ಔರಾದ್‌ಗೆ ರಸ್ತೆಯೇ ಗತಿ. ಕಾಡಂಚು, ನದಿದಂಡೆ, ಹಳ್ಳಿ ಎಲ್ಲವನ್ನೂ ಒಂದೇ ದಿನ ನೋಡಬೇಕೆನ್ನುವವರು ಬೀದರ್‌ನಲ್ಲಿ ತಂಗಿ, ಬಾಡಿಗೆ ವಾಹನ ಗೊತ್ತುಮಾಡಿಕೊಂಡು ನಸುಕಿನಲ್ಲಿಯೇ ಹೊರಡುವುದು ಲೇಸು.

ಆಗಸ್ಟ್‌ನಿಂದ ಫೆಬ್ರುವರಿವರೆಗೆ ಸೂಕ್ತ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲು ಅಸಹನೀಯ. ಒಣಹುಲ್ಲಿಗೆ ಬೆಂಕಿ ತಗಲುವ ಭೀತಿಯೂ ಆಗಲೇ ಹೆಚ್ಚು. ಬೀಡಿ, ಸಿಗರೇಟು, ಬೆಂಕಿಪೊಟ್ಟಣವನ್ನು ಊರಲ್ಲೇ ಬಿಟ್ಟು ಹೋಗಬೇಕು. ಕುಡಿಯುವ ನೀರು ಜೊತೆಗಿರಲಿ, ಖಾಲಿ ಬಾಟಲಿ ಜೊತೆಯಲ್ಲೇ ಮರಳಲಿ. ಜಿಂಕೆಗಳ ಹಿಂದೆ ವಾಹನ ಓಡಿಸುವುದು, ಬೆಳೆ ನಿಂತ ಹೊಲದಲ್ಲಿ ಇಳಿದು ಛಾಯಾಚಿತ್ರ ತೆಗೆಯುವುದು ಸಲ್ಲದು. ಹೊಲದ ಒಡೆಯರನ್ನು ಒಂದು ಮಾತು ಕೇಳಿದರೆ ಬದುವಿನ ಮೇಲೆ ನಡೆಯಲು ಬೇಡವೆನ್ನುವವರು ಕಡಿಮೆ. ಸೀತಾಫಲದ ಕಾಲದಲ್ಲಿ ಬಂದಿದ್ದರೆ ಹಣ್ಣನ್ನು ಕಾಡಿನಲ್ಲಿ ಕೀಳದೆ ರಸ್ತೆ ಬದಿಯ ಬುಟ್ಟಿಯಿಂದಲೇ ಕೊಳ್ಳಿರಿ. ಆ ಕಾಡು ಉಳಿಯಬೇಕೆಂಬ ಆಸೆ ಆ ಬುಟ್ಟಿಯವರಿಗೂ ಇರುವುದು ಹಾಗೆಯೇ.