ಮೊರಾಕೊ ಸುಲ್ತಾನನ ಒಂದು ತೈಲಚಿತ್ರ

ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಚಿತ್ರಕಾರರು ಅರಬ್ಬರನ್ನು ಕುರಿತು ರಚಿಸಿದ ಅನೇಕ ಚಿತ್ರಗಳು ಪ್ಯಾರಿಸ್ಸಿನ ಚಿತ್ರಶಾಲೆಗಳಲ್ಲಿ, ವೇಷ ತೊಡಿಸಿದ ಮಾದರಿಗಳನ್ನು ಮುಂದಿರಿಸಿಕೊಂಡು ಬರೆದವು. ಅವನ್ನು ಇತಿಹಾಸದ ಆಧಾರವೆಂದು ನಾವು ಸುಲಭವಾಗಿ ಒಪ್ಪುವುದಿಲ್ಲ. ಆದರೆ ಚಿತ್ರಕಾರನು ಕಣ್ಣಾರೆ ಕಂಡುದನ್ನು ಬರೆದಿರುವಲ್ಲಿ ನಮ್ಮ ಎಚ್ಚರವು ಸಡಿಲವಾಗುತ್ತದೆ. ಯೂಜೀನ್ ದೆಲಾಕ್ರ್ವಾ 1845ರಲ್ಲಿ ಪ್ರದರ್ಶಿಸಿದ, ಈಗ ತುಲೂಸ್ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿರುವ, ಸುಲ್ತಾನ್ ಮೌಲಾಯ್ ಅಬ್ದ್ ಅರ್-ರಹಮಾನನ ತೈಲಚಿತ್ರವು ಇಂತಹುದು.

1830ರಲ್ಲಿ ಆಲ್ಜಿಯರ್ಸನ್ನು ಹಿಡಿದ ಫ್ರಾನ್ಸಿಗೆ ನೆರೆಯ ಮೊರಾಕೊ ತಟಸ್ಥವಾಗಿರುವುದು ಅಗತ್ಯವಾಗಿದ್ದಿತು. ಈ ಉದ್ದೇಶದಿಂದ ಹೊರಟ ಮೋರ್ನೆ ಪ್ರಭುವಿನ ನಿಯೋಗದೊಡನೆ ದೆಲಾಕ್ರ್ವಾ ಹೋಗಿದ್ದನು. 1832ರ ಮಾರ್ಚ್ 22ರಂದು ಮೆಕ್ನೆಸ್ ನಗರದಲ್ಲಿ ಸುಲ್ತಾನನು ಅವರಿಗೆ ದರ್ಶನವಿತ್ತನು. ಸುಲ್ತಾನನು ತನ್ನ ದೊರೆ ಲೂಯಿ ಫಿಲಿಪ್ಪನನ್ನು ಹೋಲುತ್ತಾನೆ, ವಯಸ್ಸು ಮಾತ್ರ ಕಡಮೆ ಎಂದು ಚಿತ್ರಕಾರನು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡನು. ಅಪರಿಚಿತ ಮುಖವನ್ನು ನೆನಪಿನಲ್ಲಿಡಲು ಪರಿಚಿತ ಮುಖವೊಂದು ಬೇಕಾಯಿತೆಂದು ತೋರುತ್ತದೆ.

ಸುಮಾರು 3.77 ಮೀಟರು ಎತ್ತರದ ಈ ಚಿತ್ರದಲ್ಲಿ ಸುಲ್ತಾನನು ಬೂದುಬಣ್ಣದ ಕುದುರೆಯನ್ನೇರಿ ಕೋಟೆಯ ಗೋಡೆಯ ಮುಂದೆ ನಿಂತಿದ್ದಾನೆ. ಮೇಲೆ ಹಿಡಿದಿರುವ ಛತ್ರಿಯು ಅವನ ರಾಜತ್ವದ ಚಿಹ್ನೆ. ಛತ್ರಚಾಮರಗಳನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಉಡುಪಿನಲ್ಲಿ ಆಡಂಬರವಿಲ್ಲ. ಪಕ್ಕದಲ್ಲಿರುವವರು ಬರಿಯ ಪರಿವಾರವಲ್ಲ: ಮಂತ್ರಿ ಮುಖ್ತಾರ್, ಸುಂಕಾಧಿಕಾರಿ ಬಿಯಾಸ್, ನಮಗೆ ಬೆನ್ನು ಮಾಡಿ ನಿಂತ ಸೇನಾನಾಯಕ ಮಹಮ್ಮದ್ ಬೆನ್ ಅಬೂ, ಇವರನ್ನು ಚಿತ್ರಕಾರನೇ ಹೆಸರಿಸಿದ್ದಾನೆ. ಅನಾಮಧೇಯ ‘ಅರಬ್ಬನ’ ಚಿತ್ರಗಳ ನಡುವೆ ಇದು ಸಣ್ಣ ಮಾತಲ್ಲ.

ದರ್ಶನದ ವಿಧಿಯನ್ನು ಇದ್ದಂತೆಯೇ ಬರೆದಿರುವುದಾಗಿ ಪ್ರದರ್ಶನದ ಪಟ್ಟಿಯಲ್ಲಿ ಹೇಳಿದೆ. ಆದರೆ ಯಾರಿಗಾಗಿ ಆ ದರ್ಶನವು ಏರ್ಪಟ್ಟಿತೋ ಆ ಫ್ರೆಂಚರೇ ಚಿತ್ರದಲ್ಲಿಲ್ಲ! ಆರಂಭದ ಕರಡಿನಲ್ಲಿ ಅವರಿದ್ದರು. ಈ ಲೋಪವನ್ನು ಕೇವಲ ರಚನಾಸೌಷ್ಠವಕ್ಕಾಗಿ ಮಾಡಿದುದೆನ್ನಲು ನಾವು ಸಿದ್ಧರಿಲ್ಲ. ಆಲ್ಜೀರಿಯದ ಅಬ್ದ್ ಅಲ್-ಕಾದಿರನಿಗೆ ಮೊರಾಕೊ ಆಶ್ರಯವಿತ್ತುದರಿಂದ 1844ರ ಆಗಸ್ಟಿನಲ್ಲಿ ಫ್ರೆಂಚ್ ನೌಕಾಪಡೆಯು ಟ್ಯಾಂಜಿಯರ್ ಮತ್ತು ಮೊಗದೋರ್ ರೇವುಗಳ ಮೇಲೆ ಗುಂಡಿನ ಮಳೆಗರೆಯಿತು; ಅದೇ ತಿಂಗಳ 14ರಂದು ಇಸ್ಲಿಯಲ್ಲಿ ಸುಲ್ತಾನನ ಸೈನ್ಯವು ಸೋತಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ಹಳೆಯ ಸ್ನೇಹದ ನಿಯೋಗವನ್ನು ತೋರಿಸುವುದು ಯಾರಿಗೆ ತಾನೆ ಹಿತವಾಗಿದ್ದೀತು? ಇದು ನಮ್ಮ ಊಹೆ. ಕಾಲಾನುಕ್ರಮವು ಅದನ್ನು ಬೆಂಬಲಿಸುತ್ತದೆ.

ಆದರೂ ಸೋತ ದೊರೆಯನ್ನು ದೆಲಾಕ್ರ್ವಾ ಸೋತವನಂತೆ ಬರೆಯಲಿಲ್ಲ. 1862ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮೊದಲು, ಅವನು ಇದೇ ವಸ್ತುವನ್ನು ಮತ್ತೆ ಕೈಗೆತ್ತಿಕೊಂಡನು.