ಮನೆಯ ಪಾಠಶಾಲೆ: ಹಕ್ಕು ಮತ್ತು ಹೊಣೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂದು ಲಕ್ಷಾಂತರ ತಂದೆತಾಯಿಗಳು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ವಿದ್ಯೆ ಕಲಿಸುತ್ತಿದ್ದಾರೆ. ಆದರೆ ಈ ಸ್ವಾತಂತ್ರ್ಯ ತಾನಾಗಿ ಒದಗಿ ಬಂದುದಲ್ಲ. ಅದರ ಚರಿತ್ರೆಯಲ್ಲಿ ಕಥೋಲಿಕ ಧರ್ಮಭಗಿನಿಯರ ಪಾಲೂ ಇದೆ ಎಂಬುದನ್ನು ಬಲ್ಲವರು ವಿರಳ.

ಆ ದೇಶದಲ್ಲಿ ಶಾಲಾ ಹಾಜರಾತಿಯನ್ನು ಮೊದಲು ಕಡ್ಡಾಯಗೊಳಿಸಿದ ರಾಜ್ಯ ಮ್ಯಾಸಚೂಸೆಟ್ಸ್. 1852ರ ಆ ಶಾಸನದಂತೆ 8ರಿಂದ 14 ವರ್ಷದ ಮಕ್ಕಳು ವರ್ಷಕ್ಕೆ 12 ವಾರಗಳಾದರೂ ಕಲಿಯಬೇಕಿತ್ತು. 1918ರ ವೇಳೆಗೆ ಎಲ್ಲ ರಾಜ್ಯಗಳಲ್ಲಿಯೂ ಇಂತಹ ಶಾಸನಗಳು ಬಂದವು. ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಎಳೆಯರಿಗೆ ಇದರಿಂದ ಒಳಿತಾಯಿತು, ನಿಜ. ಆದರೆ ವಲಸೆ ಬಂದವರ ಮಕ್ಕಳನ್ನೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಹಂಬಲವೂ ಅದರೊಡನೆ ಬೆಳೆಯಿತು.

ಆ ಹಂಬಲ ಅತಿರೇಕಕ್ಕೆ ಹೋದದ್ದು ಆರೆಗನ್ ರಾಜ್ಯದಲ್ಲಿ. 1922ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಅಂಗೀಕರಿಸಿದ ಶಾಸನವೊಂದು, 8ರಿಂದ 16 ವರ್ಷದ ಮಕ್ಕಳೆಲ್ಲರೂ ಸರ್ಕಾರಿ ಶಾಲೆಗೇ ಹೋಗಬೇಕೆಂದು ವಿಧಿಸಿತು. ಅದನ್ನು ಬೆಂಬಲಿಸಿದವರಲ್ಲಿ ಕಥೋಲಿಕರನ್ನು ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಪ್ರಮುಖವಾಗಿತ್ತು. ಮನೆಯಲ್ಲಿ ಕಲಿಸಬಯಸುವವರೂ ಅಧಿಕಾರಿಯ ಲಿಖಿತ ಅನುಮತಿ ಪಡೆಯಬೇಕಿತ್ತು. ಮಗುವನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಒಪ್ಪಿಸಬೇಕಿತ್ತು.

ಯೇಸು ಮರಿಯರ ಪವಿತ್ರ ನಾಮಗಳ ಸಭೆಯ ಭಗಿನಿಯರು 1859ರಿಂದಲೂ ಆ ರಾಜ್ಯದಲ್ಲಿ ಶಾಲೆಗಳನ್ನು ನಡೆಸುತ್ತಿದ್ದರು. ಅವರೂ ಒಂದು ಸೈನಿಕ ಶಾಲೆಯವರೂ ನ್ಯಾಯಾಲಯದ ಮೊರೆಹೊಕ್ಕರು. 1925ರ ಜೂನ್ 1ರಂದು ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಆ ಶಾಸನವನ್ನು ತಳ್ಳಿಹಾಕಿತು. ಮಗುವು ಕೇವಲ ರಾಜ್ಯದ ಸೃಷ್ಟಿಯಲ್ಲ. ಅದನ್ನು ಸಾಕಿ ಸಲಹುವವರಿಗೆ ಅದರ ಬಾಳನ್ನು ರೂಪಿಸುವ ಹಕ್ಕೂ ಕರ್ತವ್ಯವೂ ಇದೆ ಎಂಬುದು ಆ ತೀರ್ಪಿನ ತಿರುಳು. ಪೋಪ್ ಹನ್ನೊಂದನೆಯ ಪಯಸ್‌ರವರು ಕ್ರೈಸ್ತ ಶಿಕ್ಷಣವನ್ನು ಕುರಿತ ತಮ್ಮ 1929ರ ವಿಶ್ವಪರಿಪತ್ರದಲ್ಲಿ ಈ ತೀರ್ಪನ್ನು ಉಲ್ಲೇಖಿಸಿದರು. ಮಕ್ಕಳ ಪ್ರಥಮ ಹಾಗೂ ಪ್ರಧಾನ ಶಿಕ್ಷಕರು ತಂದೆತಾಯಿಗಳೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಸಾರಿತು.

ಹಾಗಿದ್ದರೂ 1925ರ ತೀರ್ಪು ಕಾಪಾಡಿದ್ದು ಖಾಸಗಿ ಶಾಲೆಗಳನ್ನು. ಮನೆಯೇ ಶಾಲೆಯಾಗಬಹುದೇ ಎಂಬ ಪ್ರಶ್ನೆಗೆ 1950ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಉತ್ತರ ನೀಡಿತು. ಅಡ್ವೆಂಟಿಸ್ಟ್ ಪಂಥದ ದಂಪತಿ ತಮ್ಮ ಮೂರನೆಯ ತರಗತಿಯ ಮಗಳಿಗೆ ಮನೆಯಲ್ಲಿ ಪಾಠ ಹೇಳುತ್ತಿದ್ದರು. ತಾಯಿಗೆ ಎರಡು ವರ್ಷದ ಕಾಲೇಜು ಶಿಕ್ಷಣವೂ ಬೋಧನೆಯ ತರಬೇತಿಯೂ ಇದ್ದವು. ಮಗುವಿನ ಕಲಿಕೆ ಓರಗೆಯವರಿಗೆ ಸರಿಸಮಾನವಾಗಿತ್ತು. ಆದರೂ ಕೆಳ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತ್ತು. ಮೇಲಿನ ನ್ಯಾಯಾಲಯ ಅದನ್ನು ರದ್ದುಪಡಿಸಿ, ಮಕ್ಕಳೆಲ್ಲರೂ ವಿದ್ಯಾವಂತರಾಗಬೇಕೆಂಬುದೇ ಶಾಸನದ ಉದ್ದೇಶ, ಇಂಥ ಸ್ಥಳದಲ್ಲಿಯೇ ಕಲಿಯಬೇಕೆಂಬುದಲ್ಲ ಎಂದಿತು. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿತು: ಈ ಮಾರ್ಗ ಹಿಡಿಯುವವರು ತಾವು ಪ್ರಾಮಾಣಿಕವಾಗಿ, ಸಾಕಷ್ಟು ಶಿಕ್ಷಣ ನೀಡುತ್ತಿದ್ದೇವೆಂದು ತಾವೇ ತೋರಿಸಿಕೊಡಬೇಕು.

ಮುಂದೆ, ಶಾಲೆಗಳನ್ನು ಸುಧಾರಿಸುವ ಆಸೆಯನ್ನೇ ಕೈಬಿಟ್ಟ ಮಾಜಿ ಉಪಾಧ್ಯಾಯ ಜಾನ್ ಹೋಲ್ಟ್ 1977ರಲ್ಲಿ ಬಾಸ್ಟನ್ ನಗರದಿಂದ ಇಂತಹ ಕುಟುಂಬಗಳಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿದರು. ಅನಂತರ ಧಾರ್ಮಿಕ ಕಾರಣಗಳಿಂದ ಅನೇಕ ಕ್ರೈಸ್ತ ಕುಟುಂಬಗಳು ಈ ಚಳವಳಿಗೆ ಕೂಡಿಕೊಂಡವು. 1993ರ ಹೊತ್ತಿಗೆ 50 ರಾಜ್ಯಗಳಲ್ಲಿಯೂ ಮನೆಶಿಕ್ಷಣ ಕಾನೂನುಸಮ್ಮತವಾಯಿತು.

ಈ ಚರಿತ್ರೆಯನ್ನು ತಂದೆತಾಯಿಗಳ ವಿಜಯಗಾಥೆ ಎಂದಷ್ಟೇ ಓದಿದರೆ ಅರ್ಧವನ್ನು ಓದಿದಂತೆ. ಮಗು ರಾಜ್ಯದ ಸ್ವತ್ತಲ್ಲವೆಂದ ಮಾತ್ರಕ್ಕೆ ಹೆತ್ತವರ ಸ್ವತ್ತೂ ಆಗುವುದಿಲ್ಲ. ಶಾಲೆಯ ಬಗೆಗಿನ ಅಸಮಾಧಾನವೊಂದರಿಂದಲೇ ಮನೆ ಪಾಠಶಾಲೆಯಾಗದು. ಅಲ್ಲಿ ವೇಳೆ, ವಿದ್ಯೆ, ತಾಳ್ಮೆಗಳು ಬೇಕು, ಮಗುವಿಗೆ ಓರಗೆಯವರ ಒಡನಾಟವೂ ಬೇಕು. ಮಕ್ಕಳನ್ನು ಶಾಲೆಗೆ ಕಳುಹಿಸುವ ನಮ್ಮಂತಹ ಸಮಾಜಕ್ಕೂ ಇಲ್ಲೊಂದು ಪಾಠವಿದೆ. ಶುಲ್ಕ ಕಟ್ಟಿ ರಸೀದಿ ಪಡೆದಾಕ್ಷಣ ಪ್ರಥಮ ಶಿಕ್ಷಕರ ಹುದ್ದೆಯಿಂದ ನಮಗೆ ನಿವೃತ್ತಿ ದೊರೆಯುವುದಿಲ್ಲ. ಸಂಜೆ ಪುಸ್ತಕ ಹಿಡಿದು ಬರುವ ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತುಕೊಳ್ಳುವುದು ಆ ಹುದ್ದೆಯ ಮೊದಲ ಕೆಲಸ.